ಕಲ್ಲು ಮುಟ್ಟದ ಶಾಸನಶಾಸ್ತ್ರ

ಇತಿಹಾಸ ಎಂ.ಎ.ಗೆ ಸೇರಿದಾಗ ನನ್ನ ಕಣ್ಣಿದ್ದದ್ದು ಒಂದೇ ಪೇಪರಿನ ಮೇಲೆ, ಶಾಸನಶಾಸ್ತ್ರ. ಸಿಲಬಸ್ಸಿನಲ್ಲಿ ಎಲ್ಲವೂ ಇತ್ತು: ಬ್ರಾಹ್ಮಿಯಿಂದ ಕನ್ನಡದವರೆಗೆ ಲಿಪಿಯ ಬೆಳವಣಿಗೆ, ಕಾಲನಿರ್ಣಯ, ಪಡಿಯಚ್ಚು (ಕಲ್ಲಿನ ಅಕ್ಷರದ ಕಾಗದದ ಪ್ರತಿ) ತೆಗೆಯುವ ಕ್ರಮ, ಕ್ಷೇತ್ರಕಾರ್ಯ. ಉಳಿದ ಪೇಪರುಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಡಿಗ್ರಿಯಲ್ಲಿ ಓದಿದ್ದನ್ನೇ ಇನ್ನೊಂದು ಸಲ ಬರೆಸಿದರು, ಅಷ್ಟೆ.

ಸರ್ ವಾಟ್ಸಾಪ್ ಗ್ರೂಪಿಗೆ ಪಿಡಿಎಫ್ ಹಾಕುತ್ತಿದ್ದರು, ಮರುದಿನ ಕ್ಲಾಸಿಗೆ ಬಂದು ಅದನ್ನೇ ಓದುತ್ತಿದ್ದರು. ಪಾಪ, ಅವರನ್ನು ಅಂದು ಏನು ಮಾಡೋದು? ಅತಿಥಿ ಉಪನ್ಯಾಸಕರು. ಬೆಳಿಗ್ಗೆ ನಮ್ಮಲ್ಲಿ, ಮಧ್ಯಾಹ್ನ ಇನ್ನೊಂದು ಕಾಲೇಜು, ನಡುವೆ ಬಸ್ಸು.

ಹಲ್ಮಿಡಿ ಶಾಸನದ ಪ್ರಶ್ನೆ ಬರುವುದು ಖಾತ್ರಿ. ಬೇಲೂರು ತಾಲ್ಲೂಕು, ಸುಮಾರು ಕ್ರಿ.ಶ. 450, 16 ಸಾಲು, 1936ರಲ್ಲಿ ಎಂ.ಎಚ್. ಕೃಷ್ಣ ಬೆಳಕಿಗೆ ತಂದರು. ಇಷ್ಟು ಬರೆದು ಕೊನೆಗೆ 'ಕನ್ನಡದ ಹಿರಿಮೆ' ಅಂತ ಒಂದು ಪ್ಯಾರಾ ಸೇರಿಸಿದರೆ ಒಳ್ಳೇ ಮಾರ್ಕ್ಸು. ಆದರೆ ಆ ಕಲ್ಲಿನ ಮೇಲೆ ತೇದಿಯೇ ಇಲ್ಲ! ಅಕ್ಷರದ ರೂಪ ನೋಡಿ, ಒಳಗೆ ಬರುವ ಕಕುಸ್ಥ ಎಂಬ ಹೆಸರನ್ನು ಕದಂಬರ ಜತೆ ತಾಳೆ ಹಾಕಿ ವಿದ್ವಾಂಸರು ಮಾಡಿದ ಅಂದಾಜು ಅದು. ಒಪ್ಪದವರೂ ಇದ್ದಾರೆ. ಯಾವ ಅಕ್ಷರ ನೋಡಿ ಹೇಳಿದರು ಸರ್ ಅಂತ ಕೇಳಿದೆ. "ಅದು ಪರೀಕ್ಷೆಗೆ ಬರಲ್ಲಮ್ಮ" ಅಂದರು. 16 ಸಾಲಿನಲ್ಲಿ ಒಂದನ್ನೂ ನಾವು ಓದಲಿಲ್ಲ. ವಿಜಅರಸ ಎಂಬ ಯೋಧನಿಗೆ ಎರಡು ಊರು ಬಿಟ್ಟುಕೊಟ್ಟ ದಾಖಲೆ ಅದು ಎಂದು ನನಗೆ ಗೊತ್ತಾದದ್ದೇ ಮಾರ್ಕ್ಸ್ ಕಾರ್ಡು ಕೈಗೆ ಬಂದಮೇಲೆ.

ಕ್ಷೇತ್ರಕಾರ್ಯಕ್ಕೆ ಬೇಲೂರು, ಹಳೇಬೀಡು. ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ ಅಂತ ನಮಗೆ ಬಾಯಿಪಾಠ. ಅದನ್ನು ತಿಳಿಸುವ ಶಾಸನ ಅದೇ ಗುಡಿಯಲ್ಲಿದೆ, ಅದರ ಮುಂದೆ ಮಾತ್ರ ಯಾರೂ ನಿಲ್ಲಲಿಲ್ಲ. ಶಿಲಾಬಾಲಿಕೆ ನೋಡಿ, ಗ್ರೂಪ್ ಫೋಟೋ ಹೊಡೆಸಿಕೊಂಡು ಊಟಕ್ಕೆ ಓಡಿದೆವು. ವರದಿ? ಸೀನಿಯರುಗಳದ್ದು ಇತ್ತಲ್ಲ, ಹೆಸರು ಬದಲಾಯಿಸಿದರಾಯಿತು. ಇಂಟರ್ನಲ್ಸ್ ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ.

ನನಗೆ ತೀರಾ ಹೊಟ್ಟೆ ಉರಿದದ್ದು ಬೀರುವಿನ ವಿಷಯಕ್ಕೆ. ಬಿ.ಎಲ್. ರೈಸ್ 1886ರಿಂದ ಹೊರತರಲು ಶುರುಮಾಡಿದ, ನಮ್ಮ ನಾಡಿನ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ವಿಭಾಗದಲ್ಲೇ ಇದ್ದವು, ಗಾಜಿನ ಬಾಗಿಲ ಹಿಂದೆ. ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದು ಕೊನೆಯವರೆಗೂ ಇತ್ಯರ್ಥವಾಗಲಿಲ್ಲ.

ಪಡಿಯಚ್ಚು ತೆಗೆಯುವುದನ್ನು ನಾನು ಕಲಿತದ್ದು ಆಮೇಲೆ, ಹೊಲದ ಬದುವಿನ ಒಂದು ವೀರಗಲ್ಲಿನ ಮುಂದೆ ಕೂತು, ನಿವೃತ್ತ ಮೇಷ್ಟ್ರೊಬ್ಬರಿಂದ. ಬ್ರಷ್ಷಿನಲ್ಲಿ ಪಾಚಿ ಉಜ್ಜಿ ತೆಗೆದು ಕಲ್ಲು ತೊಳೆಯಬೇಕು. ಒದ್ದೆ ಕಾಗದ ಹೊದಿಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ತಟ್ಟುತ್ತಾ ಹೋದರೆ ಕಾಗದ ಅಕ್ಷರದ ಗುಂಡಿಯೊಳಕ್ಕೆ ಇಳಿಯುತ್ತದೆ. ಜೋರಾದರೆ ಹರೀತು. ತೇವ ಸ್ವಲ್ಪ ಆರಿದ ಮೇಲೆ ಬಟ್ಟೆಯ ಗಂಟಿನಿಂದ ಮಸಿ ಒತ್ತಬೇಕು. ಸುತ್ತ ಕಪ್ಪಾಗಿ ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ. ಇಷ್ಟು ಮಾಡಲು ಒಂದು ಬೆಳಗು ಸಾಕಾಯಿತು. ಪಿಡಿಎಫ್‌ನಲ್ಲಿ ಇದೇ ಏಳು ಪಾಯಿಂಟು.

ಚಿಕ್ಕಮ್ಮನ ಮಗಳು ಈಗ ಅದೇ ವಿಭಾಗಕ್ಕೆ ಅರ್ಜಿ ಹಾಕಲಾ ಅಂತ ಕೇಳುತ್ತಿದ್ದಾಳೆ. ಹಾಕು ಮಾರಾಯ್ತಿ, ನೆಟ್ಟು, ಕೆಸೆಟ್ಟು ಅನ್ನೋ ಅರ್ಹತಾ ಪರೀಕ್ಷೆ ಬರೆದು ಕಾಲೇಜಲ್ಲಿ ಪಾಠ ಮಾಡೋಕೆ ಎಂ.ಎ. ಬೇಕೇ ಬೇಕು ಅಂದೆ. ಅದರ ಜತೆಗೆ ಮೇಷ್ಟ್ರ ಫೋನ್ ನಂಬರನ್ನೂ ಕಳಿಸಿದ್ದೇನೆ.