ಉದ್ಘಾಟನೆಯ ಹಿಂದಿನ ದಿನ

ಮೈಸೂರಿನ ಒಂಟಿಕೊಪ್ಪಲಿನ ಹೆಂಚಿನ ಮನೆಯೊಂದರ ಮುಂದಿನ ಎರಡು ಕೋಣೆ. ಕಲಾವಿದರೇ ಬಾಡಿಗೆ ಹಂಚಿಕೊಂಡು ನಡೆಸುವ ಗ್ಯಾಲರಿ ಅಂದ ಮೇಲೆ ಏಣಿ ಹಿಡಿಯುವವರೂ ಅವರೇ. ನಾಳೆ ಸಂಜೆ ಏಕವ್ಯಕ್ತಿ ಪ್ರದರ್ಶನದ ಉದ್ಘಾಟನೆ. ಇವತ್ತು ಒಂಬತ್ತು ಗಂಟೆಗೆ ಹನ್ನೊಂದು ಅಮೂರ್ತ ಚಿತ್ರಗಳು ಗೂಡ್ಸ್ ಆಟೋದಿಂದ ಇಳಿದವು.

ಬಿಚ್ಚುವಾಗಲೇ ಮೊದಲ ಪೆಟ್ಟು. ಅಕ್ರಿಲಿಕ್ ಬಣ್ಣ ಒಣಗಿದ್ದರೂ ಸೆಕೆಗೆ ಮೆತ್ತಗಾಗುತ್ತದೆ. ಬಬಲ್ ರ್ಯಾಪಿನ ಗುಳ್ಳೆ ಬಣ್ಣದ ಕಡೆಗಿದ್ದರೆ ದುಂಡು ಹೊಳಪಿನ ಕಲೆಗಳು ಸಾಲಾಗಿ ಮೂಡುತ್ತವೆ; ಒರೆಸಿದರೆ ಹೋಗುವಂಥದ್ದಲ್ಲ. ಒಂದು ಚಿತ್ರದಲ್ಲಿ ಮೂಡಿಯೇಬಿಟ್ಟಿತ್ತು. ಮೊದಲು ಸಿಲಿಕೋನ್ ಲೇಪದ ಬಟರ್ ಪೇಪರ್, ಆಮೇಲೆ ಗುಳ್ಳೆ ಹೊರಮುಖವಾಗಿ ರ್ಯಾಪ್ ಸುತ್ತಬೇಕಿತ್ತು.

ಮಳೆಗಾಲದ ತೇವಕ್ಕೆ ಎರಡು ಕ್ಯಾನ್ವಾಸ್ ಜೋಲು ಬಿದ್ದಿದ್ದವು. ಬಟ್ಟೆ ಮತ್ತೆ ಬಿಗಿಯಾಗಲು ಚೌಕಟ್ಟಿನ ಮೂಲೆಗೆ ಎರಡರಂತೆ ಎಂಟು ಬೆಣೆ. ಸುತ್ತಾ ಬರುತ್ತಾ ಒಂದೊಂದಕ್ಕೆ ಎರಡೇ ಏಟು. ಒಂದೇ ಮೂಲೆಗೆ ಬಡಿದರೆ ಚೌಕಟ್ಟೇ ಸೊಟ್ಟಗಾಗುತ್ತದೆ.

ಹಿಂಬದಿಯಲ್ಲಿ ಮೇಲ್ಮುಖದ ಬಾಣ ಇದೆಯೇ ಎಂದೂ ನೋಡಬೇಕು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ 1961ರಲ್ಲಿ ಫ್ರೆಂಚ್ ಕಲಾವಿದ ಮ್ಯಾಟಿಸ್‌ನ ಚಿತ್ರವೊಂದು 47 ದಿನ ತಲೆಕೆಳಗಾಗಿ ನೇತಾಡಿತ್ತು. ಅದರಲ್ಲಾದರೂ ಒಂದು ದೋಣಿಯಿತ್ತು, ನಮ್ಮ ಅಮೂರ್ತ ಚಿತ್ರಗಳಲ್ಲಿ ಅದೂ ಇಲ್ಲ!

ಇನ್ನು ಗೋಡೆಯ ಲೆಕ್ಕ. ಚಿತ್ರದ ನಟ್ಟನಡು ನೆಲದಿಂದ 58 ಇಂಚಿಗೆ ಬರಬೇಕು. ಚಿತ್ರ 48 ಇಂಚು ಎತ್ತರವಿದ್ದರೆ ಅರ್ಧ, ಅಂದರೆ 24 ಕೂಡಿಸಿ, ಚಿತ್ರದ ಹಿಂದೆ ನೇತುಹಾಕಲು ಕಟ್ಟಿದ ತಂತಿ, ಬಿಗಿಯಾಗಿ ಎಳೆದಾಗ, ಮೇಲಂಚಿನಿಂದ ಎಷ್ಟು ಕೆಳಗಿದೆಯೋ ಅಷ್ಟು ಕಳೆಯಿರಿ. ಇಲ್ಲಿ 3 ಇಂಚು, ಕೊಕ್ಕೆ 79ಕ್ಕೆ. ಆದರೆ ಹಳೇ ಮನೆಯ ರೆಡ್ ಆಕ್ಸೈಡ್ ನೆಲ, ತೊಳೆದ ನೀರು ಹರಿಯಲೆಂದು ಬಾಗಿಲ ಕಡೆ ಇಳಿಜಾರು. ಪ್ರತಿ ಚಿತ್ರಕ್ಕೂ ನೆಲದಿಂದಲೇ ಟೇಪು ಹಿಡಿದರೆ ಸಾಲು ಓರೆಯಾಗುತ್ತದೆ. ಒಂದು ಕಡೆ ಮಾತ್ರ ಅಳೆದು, ಗಾರೆ ಕೆಲಸದವರ ಹಾಗೆ ನೀರು ತುಂಬಿದ ಟ್ಯೂಬಿನಲ್ಲಿ ಮಟ್ಟ ನೋಡಿ ದಾರ ಕಟ್ಟಿದ್ದಾಯಿತು. ಸುಣ್ಣದ ಗಾರೆಗೆ ಡ್ರಿಲ್ಲಿನ ಹ್ಯಾಮರ್ ಹಾಕಲೇಬಾರದು. 6 ಮಿ.ಮೀ. ತೂತು ಹೆಬ್ಬೆರಳು ಹಿಡಿಸುವಷ್ಟಾಗಿ, ಪ್ಲಗ್ ಒಳಗೇ ಗಿರಗಿರ ತಿರುಗುತ್ತದೆ.

ಉದ್ದನೆಯ ಗೋಡೆ 240 ಇಂಚು. 30 ಇಂಚು ಅಗಲದ ಐದು ಚಿತ್ರಗಳಿಗೆ 150 ಹೋಗಿ 90 ಉಳಿಯಿತು. ಎಲ್ಲ ಕಡೆ ಸಮವಾಗಿ 15 ಬಿಟ್ಟರೆ ತುದಿಯವು ಮೂಲೆಗೆ ಒತ್ತರಿಸಿದಂತೆ ಕಾಣುತ್ತವೆ. ನಡುವೆ 12, ತುದಿಗಳಲ್ಲಿ 21 ಬಿಟ್ಟೆವು.

ಜಗನ್ಮೋಹನ ಅರಮನೆಯಲ್ಲಿರುವ ಕಲಾವಿದ ಹಾಲ್ದಂಕರರ ‘ದೀಪ ಹಿಡಿದ ಮಹಿಳೆ’ ಚಿತ್ರಕ್ಕೆ ಕೋಣೆ ಕತ್ತಲಾದಷ್ಟೂ ಚೆಂದ. ಬಣ್ಣದ ದಪ್ಪ ಪದರಗಳೇ ವಸ್ತುವಾದ ಚಿತ್ರಕ್ಕೆ ಮೇಲಿನಿಂದ ಸುಮಾರು 30 ಡಿಗ್ರಿ ಓರೆಯ ಬೆಳಕು ಬೇಕು. ದೀಪ ಎದುರಿಗೆ ಬಂದರೆ ವಾರ್ನಿಷ್ ಹೊಳೆದು ಬಣ್ಣವೇ ಕಾಣದು.

ಐದು ಗಂಟೆಗೆ ದೀಪ ಹಾಕಿ ನೋಡಿದರೆ, ನಡುವಿನ ಕೆಂಪು ಚಿತ್ರ ಅಕ್ಕಪಕ್ಕದ ಬೂದುಬಣ್ಣಗಳನ್ನು ನುಂಗುತ್ತಿತ್ತು. ಅದನ್ನು ಬಾಗಿಲೆದುರಿನ ಗೋಡೆಗೆ ಒಂಟಿಯಾಗಿ ಸಾಗಿಸಿದೆವು. ಉಳಿದ ನಾಲ್ಕಕ್ಕೆ ಹೊಸ ಲೆಕ್ಕ: ನಡುವೆ 16, ತುದಿಗಳಲ್ಲಿ 36. ಹಳೇ ಐದು ತೂತುಗಳಿಗೆ ಪುಟ್ಟಿ ತುಂಬಿ ಫ್ಯಾನ್ ಹಾಕಿದ್ದೇವೆ. ಬೆಳಿಗ್ಗೆ ಉಪ್ಪುಕಾಗದ ಉಜ್ಜಿ ಬಣ್ಣ ಹಚ್ಚಬೇಕು, ಮೊದಲು ಬಳಿದ ಅದೇ ಡಬ್ಬಿಯದನ್ನೇ. ಬಿಳಿಯಲ್ಲೂ ನೂರೆಂಟು ಬಿಳಿ.