ಸುಣ್ಣ ಉದುರಿದ ಗೋಡೆ: ಮಿಶ್ರ ಮಾಧ್ಯಮದ ಒಂದು ಹಲಗೆ, ದಿನದಿಂದ ದಿನಕ್ಕೆ

ಹಲಗೆ 6 ಮಿ.ಮೀ. ದಪ್ಪದ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ್ದು), ಅಳತೆ 30×40 ಸೆಂ.ಮೀ. ಚಿತ್ರದಲ್ಲಿ ಬರಬೇಕಾದದ್ದು ಸುಣ್ಣ ಉದುರಿದ ಗೋಡೆ ಮತ್ತು ಅದನ್ನು ಹಬ್ಬಿ ಒಣಗಿದ ಬಳ್ಳಿ. ಪೇಸ್ಟ್, ಕಾಗದ, ಅಕ್ರಿಲಿಕ್, ಶಾಯಿ, ಇದ್ದಿಲು, ಪೇಸ್ಟಲ್ (ಬಣ್ಣದ ಕಡ್ಡಿ) ಎಲ್ಲವೂ ಒಂದೇ ಮೈಮೇಲೆ ಕೂರಬೇಕು. ಯಾವುದು ಮೊದಲು, ಯಾವುದು ಕೊನೆಗೆ ಎಂಬುದನ್ನು ಇಲ್ಲಿ ಅಭಿರುಚಿ ತೀರ್ಮಾನಿಸುವುದಿಲ್ಲ. ಮೇಲೆ ಬರುವ ಪದರಕ್ಕೆ ಕೆಳಗಿನದು ಏನು ಕೊಡುತ್ತದೆ ಎನ್ನುವುದೇ ಲೆಕ್ಕ: ಹಿಡಿತಕ್ಕೆ ತರಿ ಕೊಡುತ್ತದೆಯೇ, ನೀರು ಹೀರುತ್ತದೆಯೇ, ಅಥವಾ ಎರಡೂ ಇಲ್ಲದೆ ಜಾರಿಸಿಬಿಡುತ್ತದೆಯೇ?

ಜೊತೆಗೆ ಅದೇ ಹಲಗೆಯಿಂದ ಕೊಯ್ದ 10×30 ಸೆಂ.ಮೀ. ಪಟ್ಟಿಯೂ ಇದೆ. ಪ್ರತಿ ಪದರವೂ ಮೊದಲು ಪಟ್ಟಿಯ ಮೇಲೆ, ಅದು ಒಣಗಿ ಉಗುರಿಗೆ ಎದ್ದುಬರುತ್ತದೆಯೇ ಎಂಬ ಪರೀಕ್ಷೆ ಮುಗಿದ ಮೇಲೆ ಮುಖ್ಯ ಹಲಗೆಗೆ.

ದಿನ 1

ಹೊಳಪಿನ (ಗ್ಲಾಸಿ) ಅಕ್ರಿಲಿಕ್ ಮೀಡಿಯಂ, ಅಂದರೆ ಬಣ್ಣದ ಪುಡಿಯಿಲ್ಲದ ಅಕ್ರಿಲಿಕ್ ಅಂಟು, ಎರಡು ಕೈ, ಮುಂದೆ, ಹಿಂದೆ, ಅಂಚುಗಳಿಗೂ. ಅಂಚು ಬಿಟ್ಟರೆ ಎಂಡಿಎಫ್ ಅಲ್ಲಿಂದಲೇ ತೇವ ಕುಡಿದು ಊದಿಕೊಳ್ಳುತ್ತದೆ. ಒಂದೇ ಮುಖಕ್ಕೆ ಬಳಿದರೆ ಹಲಗೆ ಬಾಗುತ್ತದೆ. ಇನ್ನೊಂದು ಕಾರಣವೂ ಇದೆ. ಅಕ್ರಿಲಿಕ್‌ನಲ್ಲಿರುವ ನೀರು ಮರದೊಳಗಿನ ಕಲ್ಮಷವನ್ನು ಮೇಲಕ್ಕೆ ಎಳೆಯುತ್ತದೆ, ಪಾರದರ್ಶಕ ಪದರಗಳು ಅದರಿಂದ ಹಳದಿಗಟ್ಟುತ್ತವೆ. ಒಣಗಿದ ಮೇಲೆ 220 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಹಗುರವಾಗಿ ಉಜ್ಜಿ ಹೊಳಪು ಮುರಿಯಲಾಯಿತು.

ದಿನ 2

ಜೆಸ್ಸೊ, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ತಳಪದರ, ಮೂರು ಕೈ. ಮೊದಲನೆಯದಕ್ಕೆ ಕಾಲು ಭಾಗ ನೀರು, ಉಳಿದೆರಡು ಹಾಗೆಯೇ. ಒಂದು ಕೈ ಅಡ್ಡಕ್ಕೆ, ಮುಂದಿನದು ಉದ್ದಕ್ಕೆ. ಇದ್ದಿಲು ಬರಲಿರುವ ಬಲಗಡೆಯ ಮೂರನೇ ಒಂದು ಭಾಗವನ್ನು ಉಜ್ಜದೆ ಒರಟಾಗಿಯೇ ಬಿಟ್ಟು, ಉಳಿದದ್ದಕ್ಕೆ 320 ನಂಬರು.

ದಿನ 3–5

ಮೋಲ್ಡಿಂಗ್ ಪೇಸ್ಟ್, ಉಬ್ಬು ತಗ್ಗು ಕಟ್ಟಲು ಬಳಸುವ ದಪ್ಪ ಪೇಸ್ಟ್. ಪ್ಯಾಲೆಟ್ ನೈಫ್‌ನಲ್ಲಿ ಒಂದು ಸಲಕ್ಕೆ 2–3 ಮಿ.ಮೀ. ಮಾತ್ರ, ನಡುವೆ ಒಂದು ರಾತ್ರಿ ಬಿಡುವು. ಪಟ್ಟಿಯ ಮೇಲೆ ಬೇಕೆಂದೇ 6 ಮಿ.ಮೀ. ಒಮ್ಮೆಗೇ ಹಚ್ಚಿ ಹೇರ್ ಡ್ರೈಯರ್ ಹಿಡಿದದ್ದಾಯಿತು: ಮೇಲೆ ಪೊರೆ ಕಟ್ಟಿತು, ಒಳಗೆ ಹಸಿ ಉಳಿಯಿತು. ಒಳಗಿನ ನೀರು ಆಮೇಲೆ ಹೋಗುವಾಗ ಪೇಸ್ಟ್ ಕುಗ್ಗಿ ನಟ್ಟನಡುವೆ ಸೀಳಿತು. ಗೋಡೆಯ ಚಿತ್ರಕ್ಕೆ ಬಿರುಕು ಚೆಂದವಲ್ಲವೇ ಎನ್ನಬಹುದು. ಆದರೆ ಇಂಥ ಬಿರುಕು ಬೇಕಾದ ಕಡೆ ಬರುವುದಿಲ್ಲ, ಅದರ ಅಂಚುಗಳೂ ಎದ್ದು ನಿಲ್ಲುತ್ತವೆ. ಬಿರುಕೇ ಬೇಕಿದ್ದರೆ ಅದಕ್ಕೆಂದೇ ಬರುವ ಕ್ರ್ಯಾಕಲ್ ಪೇಸ್ಟ್ ಇದೆ. ಇಲ್ಲಿ ಉದುರಿದ ಸುಣ್ಣದ ಅಂಚುಗಳನ್ನು ಪೇಸ್ಟ್ ಅರೆ ಒಣಗಿದಾಗ ನೈಫ್‌ನ ತುದಿಯಿಂದಲೇ ಕೆತ್ತಲಾಗಿದೆ.

ದಿನ 6–7

ಕಾಗದ. ವೃತ್ತಪತ್ರಿಕೆಯ ತುಂಡು ಎಲ್ಲರ ಕೈಗೂ ಸುಲಭವಾಗಿ ಸಿಗುತ್ತದೆ, ಆದರೆ ಅದರಲ್ಲಿ ಮರದ ನಾರನ್ನು ಬಿಗಿಯುವ ಲಿಗ್ನಿನ್ ಹೆಚ್ಚು. ಬೆಳಕಿಗೆ ಹಳದಿಯಾಗಿ ಪುಡಿಪುಡಿಯಾಗುತ್ತದೆ. ಬದಲಿಗೆ ಆಮ್ಲರಹಿತ ಕಾಗದದ ಮೇಲೆ ತೆಗೆದ ಲೇಸರ್ ಪ್ರತಿ ಬಳಸಿದ್ದು.

ಸುಕ್ಕಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಕಾಗದ ಅಂಟಿಸುವ ಕೆಲಸವಾದ ಕೊಲಾಜ್‌ನಲ್ಲಿ ಹೆಚ್ಚು ಕೆಲಸ ಕೆಡುವುದು ಇಲ್ಲಿಯೇ. ಕಾಗದ ನೀರು ಕುಡಿದರೆ ಹಿಗ್ಗುತ್ತದೆ, ನಾರಿನ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು. ಒಣ ಕಾಗದವನ್ನು ಹಸಿ ಮೀಡಿಯಂ ಮೇಲೆ ಇಟ್ಟರೆ ಅಂಚು ಮೊದಲು ಅಂಟಿಕೊಳ್ಳುತ್ತದೆ. ನಡುಭಾಗ ಆಮೇಲೆ ಹಿಗ್ಗಿ, ಹೋಗಲು ಜಾಗವಿಲ್ಲದೆ ಗುಳ್ಳೆ ಏಳುತ್ತದೆ. ಆದ್ದರಿಂದ ದಪ್ಪ ಕಾಗದಕ್ಕೆ ಮೊದಲೇ ನೀರು ಸಿಂಪಡಿಸಿ ಎರಡು ನಿಮಿಷ ಹಿಗ್ಗಲು ಬಿಟ್ಟು, ಬಟ್ಟೆಯಲ್ಲಿ ಒತ್ತಿ, ಹಲಗೆಗೂ ಕಾಗದದ ಬೆನ್ನಿಗೂ ಮ್ಯಾಟ್ (ಹೊಳಪಿಲ್ಲದ) ಮೀಡಿಯಂ ಹಚ್ಚಿ ಇಡಬೇಕು. ರಬ್ಬರ್ ರೋಲರ್ ನಡುವಿನಿಂದ ಅಂಚಿಗೆ, ಎಂದೂ ಅಂಚಿನಿಂದ ಒಳಕ್ಕಲ್ಲ. ಟಿಶ್ಯೂ ಕಾಗದಕ್ಕೆ ಈ ನೆನೆಸುವಿಕೆ ಬೇಡ, ಹರಿದುಹೋಗುತ್ತದೆ.

ಮೇಲಿನ ಮೂಲೆಯಲ್ಲಿ ಒಂದು ಗುಳ್ಳೆ ಒಣಗಿದ ಮೇಲೆ ಕಂಡಿತು. ಬ್ಲೇಡಿನಿಂದ ಸಣ್ಣಗೆ ಸೀಳಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಮೀಡಿಯಂ ತೂರಿಸಿ, ಸಿಲಿಕೋನ್ ಲೇಪದ ಬೇಕಿಂಗ್ ಪೇಪರ್ ಹಾಸಿ ಮೇಲೆ ಭಾರ ಹೇರಿದರೆ ಕೂರುತ್ತದೆ. ಕೂತಿತು.

ದಿನ 8

ಅಕ್ಷರಗಳ ವರ್ಗಾವಣೆ. ಕನ್ನಡಿ ಬಿಂಬವಾಗಿ ತೆಗೆದ ಲೇಸರ್ ಪ್ರತಿಯನ್ನು ಸಾಫ್ಟ್ ಜೆಲ್ (ಮಂದವಾದ ಅಕ್ರಿಲಿಕ್ ಮೀಡಿಯಂ) ಮೇಲೆ ಬೋರಲು ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬೆನ್ನು ಒದ್ದೆ ಮಾಡಿ ಬೆರಳ ತುದಿಯಿಂದ ಕಾಗದವನ್ನು ಉರುಳಿಸಿ ತೆಗೆಯುವುದು. ಲೇಸರ್ ಟೋನರ್ ಪ್ಲಾಸ್ಟಿಕ್ ಪುಡಿ, ಜೆಲ್‌ನಲ್ಲಿ ಹೂತು ಉಳಿಯುತ್ತದೆ. ಇಂಕ್‌ಜೆಟ್ ಪ್ರತಿಯ ಶಾಯಿಯಾದರೆ ನೀರು ತಾಗಿದಾಗ ಸಾಮಾನ್ಯವಾಗಿ ಹರಡಿಬಿಡುತ್ತದೆ. ಒಣಗಿದಾಗ ಕಾಣುವ ಬಿಳಿ ಮಸುಕು ಉಳಿದ ನಾರುಗಳದ್ದು. ಮತ್ತೆ ಉಜ್ಜಲು ಹೋದರೆ ಅಕ್ಷರವೂ ಕಿತ್ತುಬರುತ್ತದೆ. ತೆಳುವಾಗಿ ಹೊಳಪಿನ ಮೀಡಿಯಂ ಬಳಿದರೆ ನಾರು ಪಾರದರ್ಶಕವಾಗಿ ಮಸುಕು ಬಹುಪಾಲು ಮಾಯ. ಪೇಸ್ಟ್‌ನ ತಗ್ಗುಗಳಿಗೆ ಕಾಗದ ತಾಗದೆ ಅಕ್ಷರ ಅಲ್ಲಲ್ಲಿ ಅಳಿದಂತಾಗಿದೆ, ಗೋಡೆಗೆ ಅದು ಒಪ್ಪುತ್ತದೆ.

ದಿನ 9–11

ಬಣ್ಣ. ಬರ್ಂಟ್ ಸಿಯೆನ್ನಾ, ರಾ ಅಂಬರ್, ಅಲ್ಟ್ರಾಮರೀನ್, ಜೊತೆಗೆ ಟೈಟೇನಿಯಂ ಬಿಳಿ. ಹಿಂದಿನ ಮೀಡಿಯಂ ಪದರ ನೀರು ಹೀರುವುದಿಲ್ಲವಾದ್ದರಿಂದ ಬರೀ ನೀರಿನಲ್ಲಿ ತೆಳುಮಾಡಿದ ಅಕ್ರಿಲಿಕ್ ಹನಿಗಟ್ಟಿ ಹಿಂದೆ ಸರಿಯಿತು. ನೀರು ಹೆಚ್ಚಾದಷ್ಟೂ ಬಣ್ಣದ ಪುಡಿಯನ್ನು ಹಿಡಿದಿಡುವ ಅಂಟಿನ ಪಾಲು ಕಡಿಮೆ. ಹೀರದ ಮೈಮೇಲೆ ಅಂಥ ಪೊರೆ ಒದ್ದೆ ಬಟ್ಟೆಗೇ ಎದ್ದುಬರುತ್ತದೆ. ಪರಿಹಾರ: ಒಂದು ಪಾಲು ಬಣ್ಣಕ್ಕೆ ಎಂಟು ಪಾಲು ಗ್ಲೇಜ಼ಿಂಗ್ ಮೀಡಿಯಂ (ಪಾರದರ್ಶಕ ತೆಳು ಪದರಗಳಿಗಾಗಿ ಬರುವುದು). ಅಂಬರ್ ಬಳಿದು, ಹಸಿಯಿರುವಾಗಲೇ ಉಬ್ಬುಗಳ ಮೇಲಿಂದ ಒರೆಸಿದರೆ ತಗ್ಗಿನಲ್ಲಿ ಕೊಳೆ ಕೂತಂತೆ ಕಾಣುತ್ತದೆ.

ಜಲವರ್ಣದ ಪಾಚಿ ಕಲೆ ಬೇಕಿದ್ದ ಅಂಗೈ ಅಗಲದ ಜಾಗಕ್ಕೆ ಮಾತ್ರ ಜಲವರ್ಣದ ಗ್ರೌಂಡ್ (ನೀರು ಹೀರುವ ತಳಪದರ) ಎರಡು ತೆಳು ಕೈ, ಒಂದು ದಿನ ಬಿಡುವು. ಜಲವರ್ಣ ಒಣಗಿದರೂ ನೀರಿಗೆ ಮತ್ತೆ ಕರಗುತ್ತದೆ, ಹಾಗಾಗಿ ಅದರ ರಕ್ಷಣೆಗೆ ಕುಂಚ ಮುಟ್ಟಿಸದೆ ಸ್ಪ್ರೇ.

ದಿನ 12

ಬಳ್ಳಿಯ ಗೆರೆಗಳು, ಅರಗು ಬೆರೆತ ಇಂಡಿಯನ್ ಇಂಕ್‌ನಲ್ಲಿ. ಒಣಗಿದ ಮೇಲೆ ನೀರಿಗೆ ಬಗ್ಗುವುದಿಲ್ಲ. ಫೌಂಟನ್ ಪೆನ್ನಿನ ಶಾಯಿ ಸಾಮಾನ್ಯವಾಗಿ ಕರಗುವ ಡೈ. ಮುಂದಿನ ಪದರಕ್ಕೆ ಹರಡುತ್ತದೆ, ಬೆಳಕಿಗೆ ಮಾಸುತ್ತದೆ. ಲೋಹದ ನಿಬ್ಬು ಪೇಸ್ಟ್‌ಗೆ ಸಿಕ್ಕಿ ಚಿಮ್ಮಿಸುವುದರಿಂದ ಬಿದಿರಿನ ಲೇಖನಿ.

ದಿನ 13–15

ಇದ್ದಿಲು ಒರಟು ಜೆಸ್ಸೊ ಮೇಲೆ ಚೆನ್ನಾಗಿ ಹಿಡಿಯಿತು, ಮೀಡಿಯಂ ಬಳಿದ ಕಡೆ ಜಾರಿತು. ಅಲ್ಲಿ ಪ್ಯೂಮಿಸ್ ಕಲ್ಲಿನ ಪುಡಿ ಇರುವ ಪಾರದರ್ಶಕ ಪೇಸ್ಟಲ್ ಗ್ರೌಂಡ್ ಒಂದು ಕೈ ಬೇಕಾಯಿತು. ಪುಡಿಯನ್ನು ಹಿಡಿದಿಡುವ ಸ್ಪ್ರೇಯಾದ ಫಿಕ್ಸೇಟಿವ್ 30 ಸೆಂ.ಮೀ. ದೂರದಿಂದ, ಕಿಟಕಿ ತೆರೆದಿಟ್ಟು, ಮೂರು ಹಗುರ ಸಲ, ನಡುವೆ ಹತ್ತು ನಿಮಿಷ. ಒಂದೇ ಸಲ ಒದ್ದೆಯಾಗುವಷ್ಟು ಹೊಡೆದರೆ ಪುಡಿ ತೇಲಿ ಮಚ್ಚೆಯಾಗುತ್ತದೆ.

ಆಮೇಲೆ ಸಾಫ್ಟ್ ಪೇಸ್ಟಲ್‌ನ ಬೆಳಕು. ಫ್ರೆಂಚ್ ಚಿತ್ರಕಾರ ಎಡ್ಗರ್ ಡೆಗಾ 1870ರ ದಶಕದಲ್ಲಿ ಮೋನೊಟೈಪ್ (ಫಲಕಕ್ಕೆ ಶಾಯಿ ಹಚ್ಚಿ ಕಾಗದಕ್ಕೆ ಒತ್ತುವ) ಮುದ್ರಣಗಳ ಮೇಲೆ ಪೇಸ್ಟಲ್ ಹಾಕಿದ ಕ್ರಮ ಇದೇ: ಕೆಳಗಿನ ಶಾಯಿ ಕತ್ತಲನ್ನು ಹೊರುತ್ತದೆ, ಪೇಸ್ಟಲ್ ಬೆಳಕನ್ನಷ್ಟೇ ಹೊತ್ತರೆ ಸಾಕು, ಆಗ ದಪ್ಪ ತುಂಬಬೇಕಿಲ್ಲ. ಫಿಕ್ಸೇಟಿವ್ ತಿಳಿ ಬಣ್ಣಗಳನ್ನು ಗಾಢವಾಗಿಸುವುದರಿಂದ ಕೊನೆಯ ಬಿಳಿಗಳಿಗೆ ಅದನ್ನು ಹೊಡೆದಿಲ್ಲ.

ದಿನ 16

ಆಯಿಲ್ ಪೇಸ್ಟಲ್, ನಾಲ್ಕೇ ಗೆರೆ, ಎಲ್ಲಕ್ಕಿಂತ ಕೊನೆಗೆ. ತೈಲವರ್ಣದ ಎಣ್ಣೆ ಗಾಳಿಯೊಡನೆ ಸೇರಿ ಗಟ್ಟಿಯಾಗುತ್ತದೆ. ಆಯಿಲ್ ಪೇಸ್ಟಲ್‌ನ ಎಣ್ಣೆ ಮತ್ತು ಮೇಣ ಎಂದಿಗೂ ಒಣಗುವುದಿಲ್ಲ. ಪಟ್ಟಿಯ ಮೇಲೆ ಅದರ ಮೇಲೊಂದು ಅಕ್ರಿಲಿಕ್ ಗೆರೆ ಎಳೆದಾಗ ಅರ್ಧ ಹನಿಗಟ್ಟಿತು, ಅಂಟಿದಂತೆ ಕಂಡ ಅರ್ಧ ಮಾರನೆಯ ದಿನ ಉಗುರಿಗೆ ಸಿಪ್ಪೆಯಂತೆ ಬಂತು.

ಹೀಗಾಗಿ ಈ ಹಲಗೆಗೆ ವಾರ್ನಿಷ್ ಇಲ್ಲ, ಗಾಜು. ಗಾಜಿಗೂ ಪೇಸ್ಟ್‌ನ ಅತಿ ಎತ್ತರದ ಉಬ್ಬಿಗೂ ನಡುವೆ ಕನಿಷ್ಠ 5 ಮಿ.ಮೀ. ಅಂತರ ಬರುವಂತೆ ಚೌಕಟ್ಟಿನೊಳಗೆ ಅಂತರದ ಕಟ್ಟು ಕೂರಿಸಬೇಕು. ಪ್ಲಾಸ್ಟಿಕ್ ಹಾಳೆ ಬೇಡ, ಅದರ ಸ್ಥಿರ ವಿದ್ಯುತ್ತು ಪೇಸ್ಟಲ್ ಪುಡಿಯನ್ನು ಎಳೆದುಕೊಳ್ಳುತ್ತದೆ. ಚೌಕಟ್ಟು ಬರುವವರೆಗೆ ಹಲಗೆ ಮುಖ ಮೇಲಾಗಿ ಒಂಟಿಯಾಗಿ ಮಲಗಿರುತ್ತದೆ.