ಚೌಕಾಸಿಯ ಭಾಷಣ ಕೇಳುವಾಗ ನಾನು ಏನು ಬರೆದುಕೊಳ್ಳುತ್ತೇನೆ?

"ಸರ, ಇನ್ನೊಬ್ಬರ ಭಾಷಣ ಕೇಳಿ ಲಗೂನ ಎದ್ದು ಹೆಂಗ ವಿಮರ್ಶೆ ಮಾಡ್ತೀರಿ? ಅದ್ರಾಗ ಏನ್ ನೋಡ್ತೀರಿ?"

ಹುಬ್ಬಳ್ಳಿಯ ನಮ್ಮ ಭಾಷಣ ಕೂಟಕ್ಕೆ ಹೊಸದಾಗಿ ಬಂದವರು ಈ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಇತ್ತೀಚೆಗೆ ಕೇಳಿದ ಒಂದು ಭಾಷಣ ಇಟ್ಟುಕೊಂಡೇ ಉತ್ತರಿಸುತ್ತೇನೆ. ವಿಷಯ, 'ನಾನು ಮಾಡಿದ ಒಂದು ಚೌಕಾಸಿ'.

ಒಬ್ಬ ಯುವಕ ತಂದೆಯ ಜೊತೆ ಹಾವೇರಿಯ ದನದ ಸಂತೆಗೆ ಹೋಗಿ ಒಂದು ಜೋಡಿ ಕಿಲಾರಿ ಎತ್ತು ಕೊಂಡ ಕಥೆ ಹೇಳಿದ. ಹಲ್ಲು ನೋಡಿ ವಯಸ್ಸು ಅಂದಾಜು ಮಾಡಿದ್ದು, ಸ್ವಲ್ಪ ದೂರ ನಡೆಸಿ ಕಾಲು ನೋಡಿದ್ದು ಎಲ್ಲ ಬಂತು. ಆಮೇಲೆ ದಲಾಲ ಬಂದ. ನಮ್ಮ ಕಡೆ ದನದ ವ್ಯಾಪಾರದಲ್ಲಿ ದರವನ್ನು ಬಾಯಿಬಿಟ್ಟು ಹೇಳದೆ, ಟವೆಲ್ ಕೆಳಗೆ ಬೆರಳು ಹಿಡಿದು ಹೇಳುವುದುಂಟು. ಹಿಡಿದ ಬೆರಳಿಗೆ ಎಷ್ಟು ಬೆಲೆ ಅನ್ನೋದು ಆ ಇಬ್ಬರಿಗಷ್ಟೇ ಗೊತ್ತು. ಯುವಕ ವೇದಿಕೆ ಮೇಲೆ ತನ್ನ ಕೈಗೆ ಕರವಸ್ತ್ರ ಹೊದಿಸಿಕೊಂಡು ಸುಮ್ನೆ ನಿಂತ. ಸಭೆ ಉಸಿರು ಬಿಗಿಹಿಡಿದು ಅವನ ಕೈಯನ್ನೇ ನೋಡುತ್ತಿತ್ತು. ನಾನು ಬರೆದುಕೊಂಡ ಮೊದಲ ಸಾಲು ಅದೇ: ಮಾತಿಲ್ಲದ ಚೌಕಾಸಿಯನ್ನು ಮಾತಿಲ್ಲದೆಯೇ ತೋರಿಸಿದ.

ನಂತರ ಅಂಕಿಗಳ ಮಳೆ. ಅವರು ಇಷ್ಟು ಅಂದ್ರು, ನಾವು ಅಷ್ಟು ಅಂದ್ವಿ, ಅವರು ಇಳಿದ್ರು, ನಾವು ಏರಿದ್ವಿ. ಓದುವವರು ಹಿಂದಿನ ಸಾಲಿಗೆ ಹೋಗಿ ನೋಡಬಹುದು, ಕೇಳುವವರಿಗೆ ಆ ಅನುಕೂಲ ಇಲ್ಲ, ಅಲ್ವಾ? ಮೊದಲ ದರ, ಕೊನೆಯ ದರ, ನಡುವೆ ವ್ಯಾಪಾರ ಮುರಿಯುತ್ತೆ ಅನ್ನಿಸಿದ ಒಂದು ದರ, ಇಷ್ಟು ಸಾಕು. ಕೊನೆಗೆ ದಲಾಲ "ನಿಂದೂ ಬ್ಯಾಡ, ನಂದೂ ಬ್ಯಾಡ" ಅಂತ ನಡುವಿನ ದರಕ್ಕೆ ಮುಗಿಸಿದ್ದನ್ನು ಮಾತ್ರ ಚೆಂದ ಹೇಳಿದ.

ಆದರೆ ಇಡೀ ಭಾಷಣದಲ್ಲಿ ಎತ್ತು ಮಾರಿದ ರೈತ ಎಲ್ಲಿದ್ದ? ಅವನ ಒಂದು ಮಾತೂ ಬರಲಿಲ್ಲ. ಅವನು ಯಾಕೆ ಮಾರಲು ಬಂದಿದ್ದ? ಮೇವು ಸಾಲದೆಯೋ, ಟ್ರ್ಯಾಕ್ಟರ್ ತಗೊಂಡೋ, ಮನೆಯಲ್ಲಿ ಮದುವೆ ಇತ್ತೋ? ಚೌಕಾಸಿಯ ಭಾಷಣದಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಹುಡುಕುವುದು ಇದನ್ನೇ. ಎದುರಿಗಿದ್ದವನ ಅಗತ್ಯ ಗೊತ್ತಾಗದಿದ್ದರೆ, ದರ ಯಾಕೆ ಇಳಿಯಿತು ಅಂತ ಕೇಳುಗನಿಗೆ ತಿಳಿಯುವುದಿಲ್ಲ. ಹೇಳುವವನ ಗೆಲುವಷ್ಟೇ ಕಾಣುತ್ತದೆ.

ಇದರ ಜೊತೆಗೇ ಬರುವ ಇನ್ನೊಂದು ಪ್ರಶ್ನೆ: ಎತ್ತು ಸಿಗದೆ ವಾಪಸ್ ಬಂದಿದ್ದರೆ ಏನಾಗುತ್ತಿತ್ತು? ಮಾತುಕತೆ ಮುರಿದರೆ ನಮ್ಮ ಕೈಯಲ್ಲಿ ಉಳಿಯುವ ಒಳ್ಳೆಯ ದಾರಿಗೆ ಮಾತುಕತೆಯ ಬಗ್ಗೆ ಪುಸ್ತಕ ಬರೆದ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ 1981ರಲ್ಲಿ 'ಬಾಟ್ನಾ' ಅಂತ ಹೆಸರಿಟ್ಟರು. ಸಂತೆಯವರಿಗೆ ಆ ಹೆಸರು ಬೇಕಿಲ್ಲ. ಇನ್ನೊಂದು ಜೋಡಿ ನೋಡಿಟ್ಟುಕೊಂಡೇ ಅವರು ಮಾತಿಗೆ ಇಳಿಯುತ್ತಾರೆ. ಆ ಇನ್ನೊಂದು ಜೋಡಿ ಭಾಷಣದಲ್ಲೂ ಕಾಣಬೇಕಿತ್ತು. ಆಗ ಕರವಸ್ತ್ರದ ಕೆಳಗಿನ ಆ ಮೌನ ಇನ್ನೂ ಬಿಗಿಯಾಗುತ್ತಿತ್ತು.

ಇಷ್ಟೆಲ್ಲ ಬರೆದುಕೊಂಡರೂ ಎಲ್ಲವನ್ನೂ ಹೇಳುವುದಿಲ್ಲ. ನಮ್ಮ ಕೂಟದಲ್ಲಿ, ಭಾಷಣ ಕಲಿಯುವವರ ಟೋಸ್ಟ್‌ಮಾಸ್ಟರ್ಸ್ ಕೂಟಗಳ ಸಮಯದ ಲೆಕ್ಕವನ್ನೇ ಇಟ್ಟುಕೊಂಡಿದ್ದೇವೆ. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಆ ಕೂಟಗಳಲ್ಲಿ ಭಾಷಣಕ್ಕೆ ಸಾಮಾನ್ಯವಾಗಿ 5ರಿಂದ 7 ನಿಮಿಷ, ವಿಮರ್ಶೆಗೆ 2ರಿಂದ 3 ನಿಮಿಷ. ಅಷ್ಟರಲ್ಲಿ ಒಂದೇ ಸಲಹೆ ಮನಸ್ಸಿಗೆ ಹೋಗುತ್ತದೆ. "ಚಲೋ ಮಾತಾಡಿದ್ರಿ" ಅನ್ನುವುದರಿಂದ ಯಾರಿಗೂ ಏನೂ ಸಿಗುವುದಿಲ್ಲ. "ನೀವು ಹಿಂಗ ಮಾಡಬೇಕಿತ್ತು" ಅಂದರೆ ಎದುರಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ಅದಕ್ಕೇ ಕೇಳುಗನಾಗಿ ನನಗೆ ಏನಾಯಿತು ಅಂತ ಹೇಳುತ್ತೇನೆ. "ನೀವು ಕೈ ಮುಚ್ಚಿದಾಗ ನಾನೂ ಸಂತೆಯಲ್ಲಿ ನಿಂತಿದ್ದೆ. ಆದರೆ ಆ ರೈತನ ಮುಖ ನನಗೆ ಕಾಣಲಿಲ್ಲ. ಮುಂದಿನ ಸಲ ಅವರ ಒಂದು ಮಾತು ಕೇಳಿಸ್ರಿ" ಅಂದೆ. ಮಿಕ್ಕಿದ್ದನ್ನು ಚೀಟಿಯಲ್ಲಿ ಬರೆದು ಕೊಟ್ಟೆ.

ದರ ಜಾಸ್ತಿಯಾಯಿತೋ ಕಡಿಮೆಯಾಯಿತೋ ಅನ್ನುವ ವಾದಕ್ಕೆ ನಾನು ಇಳಿಯುವುದಿಲ್ಲ. ಅವತ್ತು ಹಿಂದಿನ ಸಾಲಿನಿಂದ ಒಬ್ಬರು ಅದನ್ನೇ ಎತ್ತಿದರು. ವಿಮರ್ಶೆ ಮಾಡಬೇಕಾದದ್ದು ಭಾಷಣವನ್ನು, ಎತ್ತನ್ನಲ್ಲ. ಆ ಮಾತನ್ನು ಚಹಾ ಕುಡಿಯುವಾಗ ಎಷ್ಟು ಬೇಕಾದರೂ ಆಡಬಹುದು.